ಉಣ್ಣದ ಊಟಕ್ಕೂ ದುಡ್ಡು ಕಟ್ಟಿದ್ದೆ

ಮಗ ಇಲ್ಲೇ ಅಮೆರಿಕದಲ್ಲಿ, ನಾವಿರುವ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗೆ ಸೇರಿದಾಗ ಟ್ಯೂಷನ್ ಫೀಸನ್ನು ಹತ್ತು ಸಲ ನೋಡಿದ್ದೆ, ಅದರ ಕೆಳಗಿನ 'ಹೌಸಿಂಗ್ ಅಂಡ್ ಫುಡ್' ಸಾಲನ್ನು ಒಂದೇ ಸಲ. ಬಿಲ್ ಬಂದಾಗ ಟ್ಯೂಷನ್‌ಗಿಂತ ರೂಮು-ಊಟದ್ದೇ ದೊಡ್ಡ ಮೊತ್ತ.

ಮೊದಲ ವರ್ಷದವರು ಡಾರ್ಮ್‌ನಲ್ಲೇ, ಅಂದರೆ ಕ್ಯಾಂಪಸ್ ಹಾಸ್ಟೆಲಿನಲ್ಲೇ ಇರಬೇಕು, ಡಾರ್ಮ್‌ನಲ್ಲಿದ್ದರೆ ಮೀಲ್ ಪ್ಲಾನ್ (ಮುಂಗಡ ದುಡ್ಡು ಕಟ್ಟುವ ಊಟದ ಪ್ಯಾಕೇಜ್) ಕಡ್ಡಾಯ. ನಮ್ಮ ಕೈಯಲ್ಲಿದ್ದದ್ದು ಯಾವ ಪ್ಲಾನ್ ಅನ್ನೋದಷ್ಟೇ. ಹುಡುಗ ಹಸಿದಿರಬಾರದು ಅಂತ ವಾರಕ್ಕೆ 14 ಊಟದ್ದನ್ನು ಆರಿಸಿದೆ. ಸೆಮಿಸ್ಟರ್‌ಗೆ 2,940 ಡಾಲರ್, ಅದರಲ್ಲಿ 300 ಕ್ಯಾಂಪಸ್ ಕೆಫೆಗಳಲ್ಲಿ ನಡೆಯುವ ಡೈನಿಂಗ್ ಡಾಲರ್.

ಅಕ್ಟೋಬರ್‌ನಲ್ಲಿ ಮನೆಗೆ ಬಂದವನನ್ನು "ಸ್ವೈಪ್ ಎಷ್ಟು ಉಳಿದಿದೆ?" ಅಂತ ಕೇಳಿದೆ. ಕಾರ್ಡ್ ಒಂದು ಸಲ ಉಜ್ಜಿದರೆ ಒಂದು ಊಟ, ಅದೇ ಸ್ವೈಪ್. "ಉಳಿಯೋದೆಲ್ಲಿ ಅಮ್ಮ, ಆ ವಾರ ಬಳಸದೆ ಇದ್ದದ್ದೆಲ್ಲ ಭಾನುವಾರ ರಾತ್ರಿ ಹೋಗತ್ತೆ" ಅಂದ. ತಿಂಡಿ ಹೊತ್ತಿಗೆ ಸಾಹೇಬರು ಎದ್ದಿರೋದೇ ಇಲ್ಲ. ಕಾರ್ಡಿನ ಹಿಸ್ಟರಿ ತೆಗೆಸಿ ಎಣಿಸಿದರೆ ವಾರಕ್ಕೆ ಸರಾಸರಿ 9 ಊಟ.

ಅಲ್ಲೇ ಪೆನ್ನು ಹಿಡಿದು ಕೂತೆ. ಡೈನಿಂಗ್ ಡಾಲರ್ ಕಳೆದರೆ 2,640. ಹದಿನೈದು ವಾರಕ್ಕೆ 210 ಊಟ. ಎಲ್ಲ ಉಂಡರೆ ಒಂದಕ್ಕೆ 12.57 ಡಾಲರ್. ಇವನು ಉಣ್ಣೋದು 135, ಅಂದರೆ ಊಟಕ್ಕೆ 19.56. ಪ್ಲಾನೇ ಇಲ್ಲದವರು ಅದೇ ಡೈನಿಂಗ್ ಹಾಲ್ ಬಾಗಿಲಲ್ಲಿ ಊಟಕ್ಕೆ ಕೊಡೋದು 14 ಡಾಲರ್! ನಾನು ಓದಿದ ಹಾಸ್ಟೆಲಿನ ಮೆಸ್‌ನಲ್ಲಿ ಊರಿಗೆ ಹೋದ ದಿನಗಳಿಗೆ ರಿಬೇಟ್ ಕೊಡುತ್ತಿದ್ದರು. ಇಲ್ಲಿ ಆ ಮಾತೇ ಇಲ್ಲ. ಎಲ್ಲರೂ ಎಲ್ಲ ಊಟ ಮಾಡಲ್ಲ ಅನ್ನೋದನ್ನು ಹಿಡಿದೇ ಬೆಲೆ ಕಟ್ಟಿರುತ್ತಾರೆ.

ಪ್ಲಾನ್ ಇಳಿಸೋಣ ಅಂದರೆ ಗಡುವು ಸೆಮಿಸ್ಟರಿನ ಎರಡನೇ ವಾರಕ್ಕೇ ಮುಗಿದಿತ್ತು. ಮುಂದಿನ ಸೆಮಿಸ್ಟರಾದ ಸ್ಪ್ರಿಂಗ್‌ಗೆ ಬ್ಲಾಕ್ ಪ್ಲಾನ್‌ಗೆ ಬದಲಾಯಿಸಿದೆವು: ಇಡೀ ಸೆಮಿಸ್ಟರ್‌ಗೆ 120 ಊಟ, ವಾರದ ಕೊನೆಗೆ ಸಾಯದ ಸ್ವೈಪ್, 1,950 ಡಾಲರ್. ಅದರಲ್ಲಿ 200 ಡೈನಿಂಗ್ ಡಾಲರ್. ಊಟಕ್ಕೆ 14.58 ಬೀಳುತ್ತದೆ, ಅಗ್ಗವೇನಲ್ಲ. ಆದರೆ ಅವನು 118 ಉಂಡ, ನಮಗೆ 990 ಡಾಲರ್ ಉಳಿಯಿತು.

ಎರಡನೇ ವರ್ಷಕ್ಕೆ ಹೊರಗಡೆ ಮನೆ ಮಾಡುತ್ತೇನೆ ಅಂದ. ರೂಮಿಗೆ ತಿಂಗಳಿಗೆ 850, ಡಾರ್ಮ್‌ಗಿಂತ ಕಮ್ಮಿ ಅನ್ನೋದು ಅವನ ವಾದ. ಡಾರ್ಮ್ ಒಂಬತ್ತು ತಿಂಗಳಿಗೆ 8,600, ಅಂದರೆ ತಿಂಗಳಿಗೆ 955ರ ಹತ್ತಿರ, ವಾದ ಸರಿಯೇ. ಆದರೆ ಹೊರಗಿನ ಲೀಸ್ ಹನ್ನೆರಡು ತಿಂಗಳದ್ದು. 10,200 ಆಯಿತು, ಕರೆಂಟು-ಇಂಟರ್ನೆಟ್ ಸೇರಿದರೆ 11,000 ದಾಟಿತು. ಬೇಸಿಗೆಗೆ ಸಬ್‌ಲೆಟ್, ಅಂದರೆ ಬೇರೆಯವರಿಗೆ ಒಳಬಾಡಿಗೆಗೆ ಕೊಡಬಹುದು, ಆದರೆ ಆಗ ಎಲ್ಲರೂ ಕೊಡೋರೇ, ತಗೊಳ್ಳೋರು ಕಮ್ಮಿ. ಜೊತೆಗೆ ಲೀಸ್‌ನಲ್ಲಿ ಜಂಟಿ ಹೊಣೆಯ ಷರತ್ತು ಬೇರೆ: ಮನೆ ಹಂಚಿಕೊಳ್ಳುವ ನಾಲ್ವರಲ್ಲಿ ಒಬ್ಬ ಬಿಟ್ಟುಹೋದರೆ ಅವನ ಪಾಲಿನ ಬಾಡಿಗೆ ಮಿಕ್ಕವರ ತಲೆ ಮೇಲೆ. ಗ್ಯಾರಂಟರ್ ಅಂತ ಸಹಿ ಹಾಕಬೇಕಾದವಳು ನಾನು.

ಇನ್ನೊಂದು ಕಡೆಯೂ ಎಡವುತ್ತಿದ್ದೆ. ಬಾಡಿಗೆ, ದಿನಸಿ ಎರಡಕ್ಕೂ 529 ಖಾತೆಯಿಂದ (ಓದಿನ ಖರ್ಚಿಗೆಂದೇ ಇರುವ ಉಳಿತಾಯ ಖಾತೆ) ತೆರಿಗೆಯಿಲ್ಲದೆ ತೆಗೆಯಬಹುದು, ವಿದ್ಯಾರ್ಥಿ ಕನಿಷ್ಠ ಹಾಫ್ ಟೈಮ್, ಅಂದರೆ ಪೂರ್ತಿ ಕೋರ್ಸಿನ ಅರ್ಧದಷ್ಟಾದರೂ ಓದುತ್ತಿದ್ದರೆ. ಆದರೆ ಹೊರಗಿದ್ದವರಿಗೆ ಕಾಲೇಜು ತನ್ನ 'ಕಾಸ್ಟ್ ಆಫ್ ಅಟೆಂಡೆನ್ಸ್' (ಓದಿನ ಒಟ್ಟು ಖರ್ಚಿನ ಅಂದಾಜು) ಪಟ್ಟಿಯಲ್ಲಿ ಊಟ-ವಸತಿಗೆ ತೋರಿಸಿದ ಮೊತ್ತವೇ ಮಿತಿ. ಕ್ಯಾಂಪಸ್ ವಸತಿಯ ಬಿಲ್ ಆ ಮೊತ್ತ ಮೀರಿದರೂ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಸ್ಕಾಲರ್‌ಶಿಪ್ ದುಡ್ಡನ್ನು ರೂಮು-ಊಟಕ್ಕೆ ಬಳಸಿದರೆ ಅದು ಮಗನ ತೆರಿಗೆ ಬೀಳುವ ಆದಾಯ.

ಕೊನೆಗೆ ಕ್ಯಾಂಪಸ್ಸಿನದೇ ಅಪಾರ್ಟ್‌ಮೆಂಟ್ ಹಿಡಿದೆವು: ಒಂಬತ್ತೇ ತಿಂಗಳ ಒಪ್ಪಂದ, ಒಳಗೆ ಅಡುಗೆಮನೆ, ಮೀಲ್ ಪ್ಲಾನ್ ಕಡ್ಡಾಯವಲ್ಲ. ಈಗ ವಾರಕ್ಕೆರಡು ಸಲ ಫೋನ್ ಮಾಡಿ ಸಾರಿಗೆ ಬೇಳೆ ಎಷ್ಟು ಹಾಕಬೇಕು ಅಂತ ಕೇಳುತ್ತಾನೆ. ತಿಂಡಿಗೆ ಇನ್ನೂ ಏಳುತ್ತಿಲ್ಲ.