ಕೃಷಿ ವಿಶ್ವವಿದ್ಯಾಲಯದ ಸಹಾಯಕ ಸಿಬ್ಬಂದಿಗೆ ಪ್ರಶಸ್ತಿ: ಶಿಫಾರಸು ಪತ್ರ ಬರೆಯುವುದು ಹೇಗೆ?

ಉತ್ತಮ ಸೇವಾ ಪ್ರಶಸ್ತಿಗೆ ಬರುವ ಶಿಫಾರಸು ಪತ್ರಗಳನ್ನು ಓದುವ ಕೆಲಸ ಆಗಾಗ ನನ್ನ ಪಾಲಿಗೆ ಬರುತ್ತದೆ. ಹೆಚ್ಚಿನವು ಒಂದೇ ಥರ. ‘ಶ್ರಮಜೀವಿ, ಪ್ರಾಮಾಣಿಕರು, ಸದಾ ನಗುಮುಖದವರು.’ ಹೆಸರು ಮುಚ್ಚಿ ಓದಿದರೆ ಗುಮಾಸ್ತರ ಬಗ್ಗೆಯೋ ಟ್ರ್ಯಾಕ್ಟರ್ ಚಾಲಕರ ಬಗ್ಗೆಯೋ ಗೊತ್ತೇ ಆಗುವುದಿಲ್ಲ. ಇಂಥ ಪತ್ರ ಹಿಡಿದುಕೊಂಡು ಸಮಿತಿ ಏನು ತಾನೇ ತೀರ್ಮಾನ ಮಾಡೀತು?

ತಪ್ಪು ಪೂರ್ತಿ ಬರೆಯುವವರದ್ದೂ ಅಲ್ಲ. ಸಹಾಯಕ ಸಿಬ್ಬಂದಿಯ ಕೆಲಸವೇ ಹಾಗೆ, ಚೆನ್ನಾಗಿ ಮಾಡಿದಷ್ಟೂ ಕಣ್ಣಿಗೆ ಬೀಳುವುದಿಲ್ಲ. ಬೀಜ ಬೆರಕೆಯಾಗದಿದ್ದರೆ, ತಾಕಿನ (ಪ್ರಯೋಗಕ್ಕೆ ಗುರುತು ಮಾಡಿದ ಹೊಲದ ಚಿಕ್ಕ ತುಂಡಿನ) ಲೇಬಲ್ ಅದಲುಬದಲಾಗದಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಆದ್ದರಿಂದ ಪೆನ್ನು ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಹಂಗಾಮಿನಲ್ಲಿ ಇವರು ಇಲ್ಲದಿದ್ದರೆ ಏನು ಕೆಡುತ್ತಿತ್ತು? ಅದಕ್ಕೆ ಸಿಗುವ ಉತ್ತರವೇ ನಿಮ್ಮ ಪತ್ರ.

ಮುಸುಕಿನ ಜೋಳದ ತಳಿ ವಿಭಾಗವನ್ನೇ ತೆಗೆದುಕೊಳ್ಳಿ. ತೆನೆಯ ಕೂದಲು ಹೊರಗೆ ಬರುವ ಮೊದಲೇ ಚೀಲ ತೊಡಿಸಬೇಕು. ತಡವಾದರೆ ಗಾಳಿಯಲ್ಲಿ ಬಂದ ಯಾವುದೋ ಪರಾಗ ಬಿದ್ದು ಆ ತೆನೆ ಕೆಲಸಕ್ಕೆ ಬಾರದಂತಾಗುತ್ತದೆ. ಗಿಡಕ್ಕೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ಇಲ್ಲಿ ದುಡಿಯುವ ಕ್ಷೇತ್ರ ಸಹಾಯಕರ ಬಗ್ಗೆ ‘ರಜೆ ಲೆಕ್ಕಿಸದೆ ದುಡಿಯುತ್ತಾರೆ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಹೀಗೆ ಬರೆಯಿರಿ: ‘ಹೂ ಬಿಡುವಷ್ಟು ದಿನವೂ ಬೆಳಿಗ್ಗೆ ಸಾಲು ಸಾಲು ನೋಡಿ ಚೀಲ ಹಾಕಿದರು. ಮಳೆಗೆ ಚೀಲ ಹರಿದ ತೆನೆಗಳಿಗೆ ಗುರುತು ಕಟ್ಟಿ, ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ನಮಗೆ ಹೇಳಿದರು.’ ನನಗಂತೂ ಆ ಎರಡನೇ ವಾಕ್ಯವೇ ಮುಖ್ಯ. ಕೆಟ್ಟದ್ದನ್ನು ಮುಚ್ಚಿಡದೆ ಹೇಳುವವರು ಇದ್ದರೆ ಮಾತ್ರ ಅಂಕಿಅಂಶ ನಂಬಬಹುದು, ಅಲ್ವಾ?

ಲ್ಯಾಬಿನಲ್ಲೂ ಇದೇ ಕಥೆ. ಮಣ್ಣಿನ ತೇವಾಂಶ ಅಳೆಯಲು ಓವನ್ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು, ಸಾಮಾನ್ಯವಾಗಿ 24 ಗಂಟೆ. ಪೋಷಕಾಂಶ ಪರೀಕ್ಷೆಗೆ ತಂದ ಎಲೆಗಳನ್ನು ಒಣಗಿಸಲು 60-70 ಡಿಗ್ರಿ ಸಾಕು. ಹೊಸ ವಿದ್ಯಾರ್ಥಿ ಎರಡನ್ನೂ ಒಂದೇ ಓವನ್ನಿಗೆ ತುರುಕಲು ಹೊರಟಾಗ ಕೈ ಹಿಡಿದು ನಿಲ್ಲಿಸುವವರು ಯಾರು? ಪ್ರೊಫೆಸರ್ ಅಂತೂ ಅಲ್ಲ. ಇನ್ನು ಕಚೇರಿ. ಬಿತ್ತನೆಗೆ ಮೊದಲೇ ಗೊಬ್ಬರದ ಖರೀದಿ ಕಡತ ಮುಗಿಸಿಕೊಟ್ಟವರೂ ಪ್ರಯೋಗ ಉಳಿಸಿದವರೇ. ತಾರೀಖು ಸಮೇತ ಬರೆಯಿರಿ.

ವಿವರಗಳು ತಾವಾಗಿ ಬರುವುದಿಲ್ಲ, ಹುಡುಕಬೇಕು. ಮಳೆ ಮಾಪಕದ ಪುಸ್ತಕ, ಮಾದರಿಗಳ ರಿಜಿಸ್ಟರ್, ಟ್ರ್ಯಾಕ್ಟರಿನ ಲಾಗ್ ಪುಸ್ತಕ ತೆರೆದು ನೋಡಿ. ಯಾರ ಕೈಬರಹ ಜಾಸ್ತಿ ಇದೆ ಎನ್ನುವುದೇ ಎಷ್ಟೋ ಹೇಳುತ್ತದೆ. ಓದು ಮುಗಿಸಿ ಹೋದ ವಿದ್ಯಾರ್ಥಿಗಳಿಗೂ ಫೋನ್ ಮಾಡಿ. ಬೆಂಬಲ ಪತ್ರಗಳನ್ನು ಬೇರೆ ಬೇರೆ ಕಡೆಯಿಂದ ತರಿಸಿ: ಒಬ್ಬ ವಿದ್ಯಾರ್ಥಿ, ಒಬ್ಬ ಸಹೋದ್ಯೋಗಿ, ಪ್ರಾತ್ಯಕ್ಷಿಕೆಗೆ ಬಂದಿದ್ದ ಒಬ್ಬ ರೈತ. ಮೂವರು ಪ್ರಾಧ್ಯಾಪಕರು ಒಂದೇ ಮಾತು ಬರೆದರೆ ಅದು ಒಂದೇ ಪತ್ರದ ಲೆಕ್ಕ. ಒಟ್ಟು ಒಂದೂವರೆ ಪುಟ ಸಾಕು.

‘ಮೂವತ್ತು ವರ್ಷ ಸೇವೆ’ ಎನ್ನುವುದನ್ನು ಒಂದು ಸಾಲಿಗಿಂತ ಹೆಚ್ಚು ಬೆಳೆಸಬೇಡಿ. ದೀರ್ಘ ಸೇವೆಗೆ ಬೇರೆ ಗೌರವ ಇರಲಿ. ಆದರೆ ಆ ವರ್ಷಗಳಲ್ಲಿ ಒಂದು ಪ್ರಯೋಗ ಮುರಿಯದೆ ನಡೆದಿದ್ದರೆ ಅದು ದೊಡ್ಡ ಸಂಗತಿ, ವಿವರವಾಗಿ ಬರೆಯಿರಿ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಲ್ಲಿ ಶುರುವಾದ ಗೋಧಿ ಪ್ರಯೋಗ ಇಂದಿಗೂ ನಡೆಯುತ್ತಿದೆ. ಶುರುಮಾಡಿದ ಲಾಸ್ ಮತ್ತು ಗಿಲ್ಬರ್ಟ್ ಹೆಸರು ಪಠ್ಯದಲ್ಲಿ ಸಿಗುತ್ತದೆ. ತಲೆಮಾರುಗಟ್ಟಲೆ ತಾಕು ಅಳೆದು, ಕಟಾವು ಮಾಡಿ, ಮಾದರಿ ತುಂಬಿಟ್ಟವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ನಿಯಮಾವಳಿಯನ್ನೂ ಮೊದಲೇ ಓದಿ. ಪ್ರಶಸ್ತಿ ಕಾಯಂ ನೌಕರರಿಗೆ ಮಾತ್ರ ಎಂದಿದ್ದರೆ ಗುತ್ತಿಗೆಯವರು, ದಿನಗೂಲಿಯವರು ಹೊರಗುಳಿಯುತ್ತಾರೆ. ಬಿಸಿಲಲ್ಲಿ ಜಾಸ್ತಿ ಹೊತ್ತು ನಿಲ್ಲುವವರು ಎಷ್ಟೋ ಕಡೆ ಅವರೇ. ನಿಯಮ ಬದಲಿಸಲು ಸಮಿತಿಗೆ ಬರೆಯಿರಿ. ಅಲ್ಲಿಯವರೆಗೆ ಪ್ರಬಂಧದ ಕೃತಜ್ಞತೆಯಲ್ಲಿ ‘ಕ್ಷೇತ್ರ ಸಿಬ್ಬಂದಿಗೆ ಧನ್ಯವಾದ’ ಎಂದು ಸುಮ್ನೆ ಬರೆಯುವ ಬದಲು ಅವರ ಒಪ್ಪಿಗೆ ಪಡೆದು ಹೆಸರು ಹಾಕಿ. ಇದಕ್ಕೆ ಯಾವ ಸಮಿತಿಯೂ ಬೇಕಿಲ್ಲ. ಪ್ರಯೋಗ ರೂಪಿಸುವುದರಲ್ಲೇ ಅವರ ತಲೆ ಓಡಿದ್ದರೆ ಲೇಖಕರ ಸಾಲಿಗೆ ಸೇರಿಸುವ ಮಾತನ್ನೂ ಎತ್ತಿ.

ಪತ್ರ ಕಳಿಸುವ ಮೊದಲು ಅವರನ್ನೇ ಕೇಳಿ. ವೇದಿಕೆ ಹತ್ತುವುದೆಂದರೆ ಕೆಲವರಿಗೆ ಶಿಕ್ಷೆ. ಅಂಥವರಿಗೆ ವಿಭಾಗದಲ್ಲೇ ಚಿಕ್ಕದಾಗಿ ಮಾಡಬಹುದು. ಸಮಾರಂಭದ ದಿನ ಗೊತ್ತುಮಾಡುವಾಗ ಬಿತ್ತನೆ, ಕಟಾವಿನ ವಾರಗಳನ್ನು ಬಿಟ್ಟುಬಿಡಿ. ಇಲ್ಲದಿದ್ದರೆ ಪ್ರಶಸ್ತಿ ಪಡೆಯಬೇಕಾದವರೇ ಹೊಲದಲ್ಲಿರುತ್ತಾರೆ. ಪ್ರಮಾಣಪತ್ರ ಅಚ್ಚಿಗೆ ಹೋಗುವ ಮೊದಲು ಹೆಸರು, ಹುದ್ದೆ ಸರಿಯಿದೆಯಾ ಎಂದು ಅವರಿಗೇ ತೋರಿಸಿ.