ಕುಂಡದ ಟೊಮೆಟೊಗೆ ಯಾವ ಗೊಬ್ಬರ: ಸಾವಯವವೋ, ರಾಸಾಯನಿಕವೋ?

ನಾಲ್ಕು ಕುಂಡ ಇಟ್ಟವರೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಎರೆಗೊಬ್ಬರ ಬಿಟ್ಟು ಬೇರೇನನ್ನೂ ಮುಟ್ಟಬೇಡಿ ಎನ್ನುತ್ತಾರೆ ಒಬ್ಬರು. ನೀರಲ್ಲಿ ಕರಗುವ ಪುಡಿ ಒಂದಿಷ್ಟು ಹಾಕಿ, ವಾರದಲ್ಲೇ ಗಿಡ ನೋಡಿ ಎನ್ನುತ್ತಾರೆ ಇನ್ನೊಬ್ಬರು. ಇಬ್ಬರ ಮನೆಯ ಗಿಡವೂ ಚೆನ್ನಾಗಿಯೇ ಇರುತ್ತದೆ. ಗೊಂದಲ ಆಗುವುದೇ ಅದಕ್ಕೆ.

ಬೇರಿಗೆ ಮಾತ್ರ ಈ ಜಗಳ ಗೊತ್ತಿಲ್ಲ. ಅದು ಸಾರಜನಕವನ್ನು ಹೆಚ್ಚಾಗಿ ನೈಟ್ರೇಟ್ ಮತ್ತು ಅಮೋನಿಯಂ ರೂಪದಲ್ಲಿ ಹೀರುತ್ತದೆ. ಆ ನೈಟ್ರೇಟ್ ಸಗಣಿಯಿಂದ ಬಂತೋ ಕಾರ್ಖಾನೆಯಿಂದ ಬಂತೋ, ಬೇರಿಗೆ ಎರಡೂ ಒಂದೇ. ವ್ಯತ್ಯಾಸ ಇರುವುದು ಅಡುಗೆ ಎಲ್ಲಾಯಿತು ಎಂಬುದರಲ್ಲಿ. ಸಾವಯವ ಗೊಬ್ಬರವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಕುಂಡದೊಳಗೇ ಬೇಯಿಸಿ ಬಡಿಸಬೇಕು. ರಾಸಾಯನಿಕ ಗೊಬ್ಬರ ಬೆಂದೇ ಬರುತ್ತದೆ. ಹೀಗಾಗಿ ಗೊಬ್ಬರ ಆರಿಸುವ ಮೊದಲು ಕುಂಡದಲ್ಲಿ ಅಡುಗೆಯವರಿದ್ದಾರೆಯೇ ಎಂದು ನೋಡಬೇಕು.

ಹಂತ 1: ಕುಂಡದಲ್ಲಿ ಏನು ತುಂಬಿದ್ದೀರಿ?

ಮಣ್ಣು ಮತ್ತು ಕಾಂಪೋಸ್ಟ್ ಇದ್ದರೆ ಸೂಕ್ಷ್ಮಜೀವಿಗಳು ಧಾರಾಳವಾಗಿರುತ್ತವೆ, ಸಾವಯವ ದಾರಿ ಸಲೀಸು. ಬರೀ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ್ದರೆ ಕಥೆ ಬೇರೆ. ಅದರಲ್ಲಿ ಹಿಂಡಿ ಹಾಕಿ ಕಾಯುತ್ತ ಕುಳಿತರೆ ಎಲೆ ಹಳದಿಯಾಗುತ್ತದೆಯೇ ಹೊರತು ಹೊಟ್ಟೆ ತುಂಬುವುದಿಲ್ಲ. ಕೊಕೊಪೀಟ್‌ಗೆ ಇನ್ನೊಂದು ಚಾಳಿಯೂ ಇದೆ: ತನ್ನಲ್ಲಿರುವ ಪೊಟ್ಯಾಶಿಯಂ, ಸೋಡಿಯಂ ಬಿಟ್ಟುಕೊಟ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿ ಕರಗುವ ಗೊಬ್ಬರವೇ ಸರಿ, ಜೊತೆಗೆ ಕ್ಯಾಲ್ಸಿಯಂ ಬೇಕೇ ಬೇಕು. ಮಣ್ಣಿಲ್ಲದೆ ನೀರಿನಲ್ಲೇ ಬೆಳೆಸುವವರಿಗಂತೂ ಆಯ್ಕೆಯೇ ಇಲ್ಲ ಎನ್ನಬಹುದು.

ಹಂತ 2: ಸಾವಯವವಾದರೆ, ನೆಡುವ ಮೊದಲೇ

ಇಲ್ಲಿ ಕೆಲಸವೆಲ್ಲ ಮುಂಚೆಯೇ ಮುಗಿಯಬೇಕು. 12 ಲೀಟರ್ ಕುಂಡಕ್ಕೆ ಎರಡು ಪಾಲು ಮಣ್ಣು, ಒಂದು ಪಾಲು ಕೊಕೊಪೀಟ್, ಒಂದು ಪಾಲು ಎರೆಗೊಬ್ಬರ. ಎರಡು ಹಿಡಿ ಬೇವಿನ ಹಿಂಡಿ, ಒಂದು ಹಿಡಿ ಎಲುಬಿನ ಪುಡಿ ಸೇರಿಸಿ, ನೀರು ಚಿಮುಕಿಸಿ ಎರಡು ವಾರ ಬಿಡಿ. ಅವಸರಪಟ್ಟು ಅದೇ ದಿನ ಸಸಿ ನೆಟ್ಟರೆ, ಕೊಳೆಯುವ ಹಿಂಡಿಯಿಂದ ಹೊರಡುವ ಅಮೋನಿಯಾ ಎಳೆಬೇರನ್ನು ಸುಡಬಹುದು. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಒಂದೆರಡು ಹಿಡಿ ಎರೆಗೊಬ್ಬರ ಮೇಲೆ ಹರಡಿ ಮಣ್ಣು ಕೆದಕಿದರೆ ಸಾಕು.

ಕಾಂಪೋಸ್ಟ್ ಮಾಗಿದೆಯೇ ಎಂದು ತಿಳಿಯಲು ಮೂಗೇ ಸಾಕು: ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಹಾಕಿ, ಮೂಗು ಚುರುಗುಟ್ಟಿದರೆ ಇನ್ನೂ ಕಾಯಿರಿ. ಹಸಿ ಸಗಣಿ ಬೇಡ. ಅದರಲ್ಲಿ ರೋಗಾಣುಗಳಿರಬಹುದು, ನಾವು ಬೆಳೆಯುತ್ತಿರುವುದು ಹಸಿಯಾಗಿಯೂ ತಿನ್ನುವ ಹಣ್ಣು. ಇನ್ನು ಮೊಟ್ಟೆಚಿಪ್ಪು. ಕೈಯಲ್ಲಿ ಪುಡಿಮಾಡಿ ಉದುರಿಸಿದ ಚಿಪ್ಪು ಮುಂದಿನ ವರ್ಷ ಮಣ್ಣು ಬಗೆದಾಗಲೂ ಹಾಗೇ ಸಿಗುತ್ತದೆ. ಹಿಟ್ಟಿನಷ್ಟು ನುಣ್ಣಗೆ ಅರೆದರೆ ಮಾತ್ರ ಸ್ವಲ್ಪ ಪ್ರಯೋಜನ.

ಚಳಿ ಹೆಚ್ಚಾದಾಗ ಈ ಪದ್ಧತಿ ಸೋಮಾರಿಯಾಗುತ್ತದೆ. ಸೂಕ್ಷ್ಮಜೀವಿಗಳ ಕೆಲಸ ನಿಧಾನವಾಗಿ, ಗೊಬ್ಬರ ತುಂಬಿರುವ ಕುಂಡದಲ್ಲೇ ಗಿಡ ಹಸಿದುಕೊಂಡಿರುತ್ತದೆ.

ಹಂತ 3: ರಾಸಾಯನಿಕವಾದರೆ, ಅಳತೆ ಕಲಿಯಿರಿ

ಪೊಟ್ಟಣದ ಮೇಲಿನ 19:19:19 ಎಂದರೆ ಸಾರಜನಕ, ರಂಜಕ, ಪೊಟ್ಯಾಶ್‌ಗಳ ಶೇಕಡಾವಾರು. ಆದರೆ ಹಳೆಯ ರೂಢಿಯಂತೆ ಕೊನೆಯ ಎರಡನ್ನು ಆಕ್ಸೈಡ್ ಲೆಕ್ಕದಲ್ಲಿ, ಅಂದರೆ ಆಮ್ಲಜನಕದ ತೂಕವನ್ನೂ ಸೇರಿಸಿ, ಬರೆಯುತ್ತಾರೆ. ಆ 19ರಲ್ಲಿ ನಿಜವಾದ ರಂಜಕ ಶೇ 8.3, ಪೊಟ್ಯಾಶಿಯಂ ಶೇ 15.8 ಅಷ್ಟೇ. ಒಂದು ಲೀಟರ್ ನೀರಿಗೆ ಒಂದು ಗ್ರಾಂ ಕರಗಿಸಿದರೆ 190 ಮಿಲಿಗ್ರಾಂ ಸಾರಜನಕ ಸಿಗುತ್ತದೆ. ಬೆಳೆದ ಟೊಮೆಟೊ ಗಿಡಕ್ಕೆ ವಾರಕ್ಕೊಮ್ಮೆ ಇಷ್ಟು ಸಾಕು, ಸಸಿಗೆ ಇದರ ಅರ್ಧ. ಚಮಚವನ್ನು ನಂಬಬೇಡಿ, ಒಬ್ಬೊಬ್ಬರ ಮನೆಯ ಚಮಚ ಒಂದೊಂದು ಅಳತೆ. ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಇರಲಿ.

ನಾನು ಇದನ್ನು ಕಲಿತದ್ದು ಆರು ಗಿಡ ಕಳೆದುಕೊಂಡು. ಊರಿಗೆ ಹೋಗುವ ಮುನ್ನ ‘ಎರಡು ವಾರದ್ದು ಒಟ್ಟಿಗೇ ಇರಲಿ’ ಎಂದು ಒಣಗಿದ ಮಣ್ಣಿಗೆ ದುಪ್ಪಟ್ಟು ಗೊಬ್ಬರ ಸುರಿದಿದ್ದೆ. ಬಂದು ನೋಡಿದರೆ ಎಲೆಗಳ ಅಂಚೆಲ್ಲ ಕಾಗದ ಸುಟ್ಟ ಹಾಗೆ. ಗೊಬ್ಬರದ ಉಪ್ಪು ಹೆಚ್ಚಾದಾಗ ಬೇರು ನೀರು ಎಳೆದುಕೊಳ್ಳಲಾರದು, ಪಕ್ಕದಲ್ಲೇ ನೀರಿದ್ದರೂ ಬಾಯಾರಿಕೆ. ಹೀಗಾಗಿ ಮೊದಲು ಬರೀ ನೀರು ಹಾಕಿ ಮಣ್ಣು ಒದ್ದೆ ಮಾಡಿ, ಆಮೇಲೆ ಗೊಬ್ಬರದ ನೀರು. ಕುಂಡದ ಅಂಚಿನಲ್ಲಿ ಬಿಳಿ ಪದರ ಕಂಡರೆ, ಕುಂಡದ ಗಾತ್ರದ ಎರಡು ಮೂರು ಪಟ್ಟು ನೀರನ್ನು ನಿಧಾನವಾಗಿ ಹರಿಸಿ ಕೆಳಗಿನ ತೂತಿನಿಂದ ಬಸಿದುಹೋಗಲು ಬಿಡಿ.

ಹೂ ಬಂದ ಮೇಲೆ ಸಾರಜನಕ ತಗ್ಗಿಸಿ ಪೊಟ್ಯಾಶ್ ಏರಿಸಬೇಕು. ಇಲ್ಲವಾದರೆ ಆಳೆತ್ತರ ಹಸಿರು, ನಾಲ್ಕೇ ಕಾಯಿ. 13:0:45 ಎಂಬ ಪೊಟ್ಯಾಶಿಯಂ ನೈಟ್ರೇಟ್ ಇದಕ್ಕೆ ಹೊಂದುತ್ತದೆ. ಕ್ಯಾಲ್ಸಿಯಂ ನೈಟ್ರೇಟನ್ನು ಮಾತ್ರ ರಂಜಕ ಇಲ್ಲವೇ ಸಲ್ಫೇಟ್ ಇರುವ ಗೊಬ್ಬರದ ಗಟ್ಟಿ ದ್ರಾವಣದೊಂದಿಗೆ ಬೆರೆಸಬಾರದು, ಬಿಳಿ ಗಸಿಯಾಗಿ ತಳ ಸೇರುತ್ತದೆ. ಬೇರೆ ದಿನ ಕೊಡಿ.

ಹಂತ 4: ಎಲೆಯನ್ನು ಓದಿ

ಯಾವ ದಾರಿ ಹಿಡಿದರೂ ಇದು ತಪ್ಪದು. ಕೆಳಗಿನ ಹಳೆಯ ಎಲೆ ಪೂರ್ತಿ ಹಳದಿಯಾದರೆ ಸಾರಜನಕದ ಕೊರತೆ. ಗಿಡ ಅದನ್ನು ಹಳೆಯ ಎಲೆಯಿಂದ ಕಿತ್ತು ಹೊಸ ಚಿಗುರಿಗೆ ಕೊಡುತ್ತಿದೆ ಎಂದರ್ಥ. ಹಳೆಯ ಎಲೆಯ ನರ ಹಸಿರಾಗಿದ್ದು ನಡುವೆ ಹಳದಿಯಾದರೆ ಮೆಗ್ನೀಸಿಯಂ ಸಾಲದು. ಅದೇ ಲಕ್ಷಣ ಚಿಗುರಿನಲ್ಲಿ ಕಂಡರೆ ಕಬ್ಬಿಣ. ಆಗ ಕಬ್ಬಿಣ ಸುರಿಯುವ ಮೊದಲು ಮಣ್ಣಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ನೋಡಿ. 6ರಿಂದ 6.8ರ ಒಳಗಿದ್ದರೆ ಒಳ್ಳೆಯದು, 7.5 ದಾಟಿದರೆ ಕಬ್ಬಿಣ ಇದ್ದೂ ಗಿಡಕ್ಕೆ ದಕ್ಕುವುದಿಲ್ಲ. ಕಾಯಿಯ ಬುಡ ಕಪ್ಪಗೆ ಕುಗ್ಗುವುದು ಕ್ಯಾಲ್ಸಿಯಂ ತಲುಪದ್ದರಿಂದ. ಬಹಳ ಸಲ ಕ್ಯಾಲ್ಸಿಯಂ ಮಣ್ಣಲ್ಲೇ ಇರುತ್ತದೆ, ಒಂದು ದಿನ ಒಣಗಿಸಿ ಮರುದಿನ ಮುಳುಗಿಸುವ ನಮ್ಮ ಕೈಯದೇ ತಪ್ಪು.

ಎರಡನ್ನೂ ಸೇರಿಸಬಹುದೇ?

ಧಾರಾಳವಾಗಿ. ರಾಸಾಯನಿಕ ಒಂದು ಹನಿ ಬಿದ್ದರೆ ಮಣ್ಣಿನ ಜೀವಿಗಳೆಲ್ಲ ಸಾಯುತ್ತವೆ ಎಂಬುದು ಅತಿಮಾತು. ಅತಿಯಾದ ಉಪ್ಪು ಅವಕ್ಕೂ ಕೆಡುಕು ಎಂಬುದು ನಿಜ, ರಂಜಕ ಹೆಚ್ಚಾದರೆ ಬೇರಿನ ಗೆಳೆಯನಾದ ಮೈಕೊರೈಜಾ ಶಿಲೀಂಧ್ರ ಹಿಂಜರಿಯುವುದೂ ನಿಜ. ಮಣ್ಣಿನ ಕುಂಡಕ್ಕೆ ನನ್ನ ಪದ್ಧತಿ ಇಷ್ಟು: ಬುಡದಲ್ಲಿ ಸಾವಯವ, ಕಾಯಿ ಕಚ್ಚುವ ಐದಾರು ವಾರ ಲೀಟರಿಗೆ ಅರ್ಧ ಗ್ರಾಂ ಕರಗುವ ಗೊಬ್ಬರ. ರುಚಿಯ ಮಟ್ಟಿಗೆ ನಾನು ತಳಿ, ಬಿಸಿಲು, ಗಿಡದಲ್ಲೇ ಹಣ್ಣಾಗಲು ಬಿಡುವ ತಾಳ್ಮೆ ಇವನ್ನೇ ಹೆಚ್ಚು ನಂಬುತ್ತೇನೆ.

ಉಳಿದ ಪುಡಿಯನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಹೆಸರು ಬರೆದು, ಮಕ್ಕಳ ಕೈಗೆ ಎಟುಕದಂತೆ ಇಡಿ. ಕ್ಯಾಲ್ಸಿಯಂ ನೈಟ್ರೇಟ್ ಗಾಳಿಯ ತೇವ ಹೀರಿಕೊಂಡು ಪೊಟ್ಟಣದಲ್ಲೇ ನೀರಾಗಿಬಿಡುತ್ತದೆ.