ನಡೆದಾಗ ಹಿಡಿದುಕೊಳ್ಳುವ ಮೀನಖಂಡ: ಕಾಲಿನ ಅಪಧಮನಿಗಳ ಪರೀಕ್ಷೆ ಮತ್ತು ಆರೈಕೆಯ ಕ್ರಮ

ಸ್ವಲ್ಪ ದೂರ ನಡೆದೊಡನೆ ಮೀನಖಂಡ ಬಿಗಿದು ನೋಯುತ್ತದೆ, ನಿಂತರೆ ಕೆಲವೇ ನಿಮಿಷಗಳಲ್ಲಿ ನೋವು ಇಳಿಯುತ್ತದೆ, ಮತ್ತೆ ಹೊರಟರೆ ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಅದೇ ನೋವು ಮರುಕಳಿಸುತ್ತದೆ. ಇದನ್ನು ವಯಸ್ಸಿನ ಮೇಲೋ ವಾಯುವಿನ ಮೇಲೋ ಹೊರಿಸಿ ಸುಮ್ಮನಾಗುವುದು ನಮ್ಮಲ್ಲಿ ಸಾಮಾನ್ಯ. ಆದರೆ ಐವತ್ತು ದಾಟಿದವರಲ್ಲಿ, ಅದರಲ್ಲೂ ಬೀಡಿ ಸಿಗರೇಟು ಸೇದುವವರಲ್ಲಿ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ, ಕಾಲಿಗೆ ರಕ್ತ ಒಯ್ಯುವ ಅಪಧಮನಿಯ ಒಳಗೋಡೆಯಲ್ಲಿ ಕೊಬ್ಬು ಮತ್ತು ಸುಣ್ಣದಂಶ ಸೇರಿ ದಾರಿ ಕಿರಿದಾಗಿರುವ ಸೂಚನೆ ಇದಾಗಿರಬಹುದು. ಕುಳಿತಿರುವಾಗ ಸ್ನಾಯುವಿಗೆ ಸಾಕಾಗುವ ರಕ್ತ ನಡೆಯುವಾಗ ಸಾಲದೆ ಬರುವುದರಿಂದ ಈ ನೋವು ಹುಟ್ಟುತ್ತದೆ.

ಮೊದಲು ಇದನ್ನು ಬೇರೆ ನೋವುಗಳಿಂದ ಬೇರ್ಪಡಿಸಿ ನೋಡಬೇಕು. ಬೆನ್ನುಮೂಳೆಯಲ್ಲಿ ನರ ಒತ್ತಿಕೊಂಡಾಗಲೂ ನಡೆಯುವಾಗ ಕಾಲು ನೋಯುತ್ತದೆ. ಆದರೆ ಆ ನೋವು ಬರಿದೇ ನಿಂತರೆ ಇಳಿಯುವುದಿಲ್ಲ, ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಇಳಿಯುತ್ತದೆ. ಮಂಡಿ ಸವೆತದ ನೋವು ಕೀಲಿನಲ್ಲೇ ಇದ್ದು, ಎದ್ದು ಇಡುವ ಮೊದಲ ಹೆಜ್ಜೆಗಳಲ್ಲೇ ಕಾಣಿಸಿಕೊಳ್ಳುತ್ತದೆ. ರಕ್ತವನ್ನು ಹೃದಯಕ್ಕೆ ಹಿಂದಕ್ಕೊಯ್ಯುವ ಅಭಿಧಮನಿಗಳು ಉಬ್ಬಿರುವವರಿಗೆ ಬಹಳ ಹೊತ್ತು ನಿಂತಾಗ ಕಾಲು ಭಾರವಾಗಿ, ಕಾಲನ್ನು ಮೇಲೆತ್ತಿ ಮಲಗಿದರೆ ಹಗುರವಾಗುತ್ತದೆ. ಅಪಧಮನಿ ತೀವ್ರವಾಗಿ ಕಟ್ಟಿದ ಕಾಲು ಇದಕ್ಕೆ ನೇರ ವಿರುದ್ಧ, ಮೇಲೆತ್ತಿದರೆ ಬಿಳಿಚಿಕೊಳ್ಳುತ್ತದೆ, ಇಳಿಬಿಟ್ಟರೆ ಕೆಂಪಗಾಗುತ್ತದೆ. ಈ ವ್ಯತ್ಯಾಸ ತಿಳಿಯದೆ ಅಂಗಡಿಯಿಂದ ಬಿಗಿಯಾದ ಕಂಪ್ರೆಷನ್ ಕಾಲುಚೀಲ ತಂದು ಹಾಕಿಕೊಳ್ಳುವುದು ಅಪಾಯಕರ. ಅಭಿಧಮನಿಯ ತೊಂದರೆಗೆ ನೆರವಾಗುವ ಆ ಒತ್ತಡವೇ ಅಪಧಮನಿ ಕಟ್ಟಿದ ಕಾಲಿನಲ್ಲಿ ಉಳಿದಿರುವ ಅಲ್ಪ ರಕ್ತಸಂಚಾರವನ್ನೂ ತಡೆಯಬಲ್ಲದು.

ಪಾದದ ನಾಡಿಯನ್ನು ಮನೆಯಲ್ಲೇ ನೋಡಬಹುದು. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವಿನ ಸಂದಿನಿಂದ ಪಾದದ ಮೇಲ್ಭಾಗದ ಮಧ್ಯದವರೆಗೆ ಬಂದು, ಎರಡು ಮೂರು ಬೆರಳುಗಳ ತುದಿಯನ್ನು ಹಗುರವಾಗಿ ಇಡಬೇಕು. ಇನ್ನೊಂದು ನಾಡಿ ಹರಡಿನ (ಪಾದ ಕಾಲಿಗೆ ಸೇರುವ ಕೀಲಿನ) ಒಳಬದಿಯ ಮೂಳೆಯ ಹಿಂದೆ ಸಿಗುತ್ತದೆ. ಹೆಬ್ಬೆರಳಿನಿಂದ ನೋಡಬಾರದು, ಅದರ ಸ್ವಂತ ಮಿಡಿತವೇ ಮೋಸಗೊಳಿಸಬಹುದು. ಜೋರಾಗಿ ಒತ್ತಿದರೆ ಇರುವ ನಾಡಿಯೂ ಮಾಯವಾಗುತ್ತದೆ. ಆರೋಗ್ಯವಂತರಲ್ಲಿಯೂ ಕೆಲವರಿಗೆ ಪಾದದ ಮೇಲಿನ ನಾಡಿ ಹುಟ್ಟಿನಿಂದಲೇ ಸಿಗುವುದಿಲ್ಲವಾದ್ದರಿಂದ ಅದೊಂದೇ ಕಾಣದಿದ್ದರೆ ಗಾಬರಿಯಾಗಬೇಕಿಲ್ಲ. ಒಂದೇ ಪಾದದ ಎರಡೂ ನಾಡಿಗಳು ಸಿಗದಿದ್ದರೆ, ಅಥವಾ ನಾಡಿ ಸಿಕ್ಕಿಯೂ ಮೇಲೆ ಹೇಳಿದ ನೋವಿದ್ದರೆ, ವೈದ್ಯರಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಆ ಪರೀಕ್ಷೆಗೆ ಎ.ಬಿ.ಐ. (ಆಂಕಲ್ ಬ್ರೇಕಿಯಲ್ ಇಂಡೆಕ್ಸ್, ಅಂದರೆ ಹರಡು ಮತ್ತು ತೋಳಿನ ರಕ್ತದೊತ್ತಡದ ಅನುಪಾತ) ಎನ್ನುತ್ತಾರೆ. ಸೂಜಿ ಚುಚ್ಚುವುದಿಲ್ಲ. ಐದು ಹತ್ತು ನಿಮಿಷ ಮಲಗಿಸಿ, ತೋಳು ಮತ್ತು ಹರಡುಗಳಲ್ಲಿ ಬಿ.ಪಿ. ಪಟ್ಟಿ ಕಟ್ಟಿ, ಡಾಪ್ಲರ್ ಉಪಕರಣದಿಂದ ನಾಡಿಯ ಸದ್ದು ಆಲಿಸುತ್ತಾ ಬಿ.ಪಿ.ಯ ಮೇಲಿನ ಅಂಕಿಯನ್ನು ಅಳೆಯುತ್ತಾರೆ. ಹರಡಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಬೇಕು: ತೋಳಿನಲ್ಲಿ 140, ಹರಡಿನಲ್ಲಿ 98 ಇದ್ದರೆ ಬರುವುದು 0.70. ಸಾಮಾನ್ಯ ಮಟ್ಟ 1.00ರಿಂದ 1.40, 0.90 ಅಥವಾ ಅದಕ್ಕಿಂತ ಕಡಿಮೆಯಾದರೆ ಅಪಧಮನಿ ಕಿರಿದಾಗಿದೆ ಎಂದರ್ಥ. ಇಲ್ಲೊಂದು ಎಚ್ಚರಿಕೆ ಅಗತ್ಯ. ಬಹುಕಾಲದ ಸಕ್ಕರೆ ಕಾಯಿಲೆಯವರಲ್ಲಿ ಹಾಗೂ ಮೂತ್ರಪಿಂಡ ಸೋತವರಲ್ಲಿ ನಾಳದ ಗೋಡೆ ಸುಣ್ಣಗಟ್ಟಿ ಪಟ್ಟಿಯ ಒತ್ತಡಕ್ಕೆ ಮಣಿಯುವುದಿಲ್ಲ. ಆಗ ಅಂಕಿ ಸುಳ್ಳಾಗಿ ಏರಿ 1.40ನ್ನೂ ಮೀರಬಹುದು. ಅಂಥವರು ಕಾಲ್ಬೆರಳಿನ ಒತ್ತಡವನ್ನು ಅಳೆಯಿಸಿಕೊಳ್ಳಬೇಕು. ನಡೆದಾಗ ನೋವಿದ್ದೂ ಮಲಗಿದಾಗಿನ ಅಂಕಿ ಸರಿಯಾಗಿಯೇ ಬಂದರೆ, ಟ್ರೆಡ್‌ಮಿಲ್ ಮೇಲೆ ನಡೆಸಿ ಮತ್ತೆ ಅಳೆಯುವ ಕ್ರಮವೂ ಇದೆ.

ಕಾಯಿಲೆ ಖಚಿತವಾದ ಮೇಲೆ ಹೆಚ್ಚಿನವರು ಮಾಡುವುದು ನಡಿಗೆಯನ್ನು ಕಡಿಮೆ ಮಾಡುವುದು. ಮನೆಯವರೂ ಅಕ್ಕರೆಯಿಂದ ಅದನ್ನೇ ಹೇಳುತ್ತಾರೆ. ಮಾಡಬೇಕಾದದ್ದು ಇದಕ್ಕೆ ತದ್ವಿರುದ್ಧವಾದದ್ದು. ಸಮತಟ್ಟಾದ ಜಾಗದಲ್ಲಿ, ಮೂರರಿಂದ ಐದು ನಿಮಿಷಗಳೊಳಗೆ ನೋವು ಶುರುವಾಗುವಷ್ಟು ಚುರುಕಾಗಿ ನಡೆಯಬೇಕು. ನೋವು ಬಂದೊಡನೆ ನಿಲ್ಲದೆ, ಅದು ಸಾಕಷ್ಟು ಬಲವಾಗುವವರೆಗೆ ಮುಂದುವರಿದು, ಬಳಿಕ ನಿಂತು ಅಥವಾ ಕುಳಿತು, ನೋವು ಪೂರ್ತಿ ಇಳಿದ ಮೇಲೆ ಮತ್ತೆ ಹೊರಡಬೇಕು. ಹೀಗೆ ನಡಿಗೆ, ವಿಶ್ರಾಂತಿ, ಮತ್ತೆ ನಡಿಗೆ ಎಂದು ಒಂದು ಸಲಕ್ಕೆ 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ ಮೂರು ದಿನ, ಬಿಡದೆ 12 ವಾರ ಮಾಡಬೇಕು. ಆರಂಭದಲ್ಲಿ ಹದಿನೈದು ನಿಮಿಷವೂ ಕಷ್ಟವೆನಿಸಿದರೆ ಅಷ್ಟರಿಂದಲೇ ತೊಡಗಿ ವಾರವಾರ ಏರಿಸಬಹುದು. ಉದ್ಯಾನದಲ್ಲಿ ಗೆಳೆಯರೊಡನೆ ಹರಟುತ್ತಾ ಹಾಕುವ ಸುತ್ತು ಮನಸ್ಸಿಗೆ ಒಳ್ಳೆಯದೇ, ಆದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ.

ನೋವು ಬರುವಂತೆ ನಡೆಯಬೇಕೆಂಬ ಮಾತಿಗೆ ಆಧಾರವಿದೆ. 2021ರಲ್ಲಿ ಅಮೆರಿಕದ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಲೈಟ್ ಎಂಬ ಅಧ್ಯಯನದಲ್ಲಿ ಇಂತಹ 305 ರೋಗಿಗಳನ್ನು ಮೂರು ಗುಂಪು ಮಾಡಿ, ಕೆಲವರಿಗೆ ನೋವು ಬಾರದಂತೆ ನಿಧಾನವಾಗಿ, ಕೆಲವರಿಗೆ ನೋವು ಬರುವಂತೆ ಬಿರುಸಾಗಿ ಮನೆಯ ಸುತ್ತಮುತ್ತ ನಡೆಯಲು ಹೇಳಲಾಯಿತು. ಮೂರನೆಯ ಗುಂಪಿಗೆ ವ್ಯಾಯಾಮ ಇರಲಿಲ್ಲ. ಒಂದು ವರ್ಷದ ಬಳಿಕ ಬಿರುಸಾಗಿ ನಡೆದವರು ಆರು ನಿಮಿಷಗಳಲ್ಲಿ ಕ್ರಮಿಸುವ ದೂರ ಸರಾಸರಿ 34 ಮೀಟರಿನಷ್ಟು ಹೆಚ್ಚಿತ್ತು. ನಿಧಾನವಾಗಿ ನಡೆದವರಿಗೂ ವ್ಯಾಯಾಮವನ್ನೇ ಮಾಡದವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನಡಿಗೆಯಿಂದ ನಾಳದ ಕಟ್ಟು ಕರಗುವುದಿಲ್ಲ, ಎ.ಬಿ.ಐ. ಅಂಕಿಯೂ ಸಾಮಾನ್ಯವಾಗಿ ಬದಲಾಗುವುದಿಲ್ಲ. ಸ್ನಾಯು ತನಗೆ ಸಿಗುವ ಆಮ್ಲಜನಕವನ್ನು ಚೆನ್ನಾಗಿ ಬಳಸಿಕೊಳ್ಳಲು ಕಲಿಯುತ್ತದೆ, ನಾಳದ ಒಳಪದರವೂ ಸುಧಾರಿಸುತ್ತದೆ. ಆದ್ದರಿಂದ ಪ್ರಗತಿಯನ್ನು ಅಂಕಿಯಿಂದಲ್ಲ, ದೂರದಿಂದ ಅಳೆಯಬೇಕು. ನೋವು ಹಿಡಿಯುವುದರೊಳಗೆ ಎಷ್ಟು ಬೀದಿದೀಪದ ಕಂಬ ದಾಟಿದೆ ಎಂದು ಬರೆದಿಟ್ಟುಕೊಂಡರೆ ಸಾಕು.

ಕಾಲಿನ ಅಪಧಮನಿ ಕಿರಿದಾದವರಲ್ಲಿ ಹೃದಯದ ನಾಳಗಳೂ ಕೆಟ್ಟಿರುವ ಸಾಧ್ಯತೆ ಹೆಚ್ಚು. ಹೀಗಾಗಿ ಈ ಕ್ರಮ ಶುರುಮಾಡುವ ಮುನ್ನ ಹೃದಯದ ತಪಾಸಣೆ ಆಗಲೇಬೇಕು. ನಡೆಯುವಾಗ ಎದೆ ಬಿಗಿದರೆ ಅಥವಾ ಉಸಿರು ಕಟ್ಟಿದರೆ ತಕ್ಷಣ ನಿಲ್ಲಿಸಬೇಕು. ಪಾದದಲ್ಲಿ ಹುಣ್ಣಿರುವವರು ಇದನ್ನು ಸ್ವಂತ ನಿರ್ಧಾರದಿಂದ ಮಾಡಬಾರದು. ವೈದ್ಯರು ಬರೆಯುವ, ರಕ್ತದ ಕೊಬ್ಬು ಇಳಿಸುವ ಸ್ಟ್ಯಾಟಿನ್ ಮತ್ತು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್ ಮಾತ್ರೆಗಳು ಮುಖ್ಯವಾಗಿ ಹೃದಯಾಘಾತ, ಪಾರ್ಶ್ವವಾಯು ತಡೆಯಲೆಂದೇ ಇರುವುದರಿಂದ, ಕಾಲುನೋವು ಕಡಿಮೆಯಾಯಿತೆಂದು ಅವನ್ನು ಬಿಡುವಂತಿಲ್ಲ. ಸಿಲೊಸ್ಟಜೋಲ್ ಎಂಬ ಮಾತ್ರೆ ನಡೆಯುವ ದೂರವನ್ನು ಹೆಚ್ಚಿಸುತ್ತದೆ, ಆದರೆ ಹೃದಯ ವೈಫಲ್ಯ ಇರುವವರಿಗೆ ಅದು ನಿಷಿದ್ಧ.

ತಂಬಾಕಿನ ವಿಷಯದಲ್ಲಿ ರಿಯಾಯಿತಿ ಇಲ್ಲ. ನಲವತ್ತರ ಆಸುಪಾಸಿನಲ್ಲೇ, ಕೊಬ್ಬಿನ ತೊಂದರೆಯಿಲ್ಲದೆ, ಕೈಕಾಲುಗಳ ಸಣ್ಣ ನಾಳಗಳು ಉರಿಯೂತದಿಂದ ಮುಚ್ಚಿಹೋಗುವ ಬರ್ಗರ್ ಕಾಯಿಲೆಯನ್ನು ಲಿಯೋ ಬರ್ಗರ್ 1908ರಲ್ಲಿ ನ್ಯೂಯಾರ್ಕಿನಲ್ಲಿ ವಿವರಿಸಿದರು. ಬೀಡಿ ಸೇದುವ ಗಂಡಸರಲ್ಲಿ ಅದು ಭಾರತದಲ್ಲಿ ಇಂದಿಗೂ ಕಾಣುತ್ತದೆ. ಅದರಲ್ಲಿ ಬೆರಳು ಉಳಿಸುವ ಖಚಿತ ದಾರಿ ತಂಬಾಕನ್ನು ಪೂರ್ತಿ ಬಿಡುವುದೊಂದೇ. ಸೇದುವುದನ್ನು ಬಿಟ್ಟು ಹೊಗೆಸೊಪ್ಪು ಜಗಿಯುವುದು ಬಿಟ್ಟಂತಾಗುವುದಿಲ್ಲ.

ಪ್ರತಿರಾತ್ರಿ ಪಾದಗಳನ್ನು ಬೆಳಕಿನಲ್ಲಿ ನೋಡಬೇಕು: ಬೆರಳ ಸಂದು, ಹಿಮ್ಮಡಿಯ ಬಿರುಕು, ಚಪ್ಪಲಿ ಉಜ್ಜಿದ ಜಾಗ. ರಕ್ತ ಕಡಿಮೆಯಿರುವ ಪಾದದಲ್ಲಿ ಸಣ್ಣ ಗಾಯವೂ ಒಣಗುವುದಿಲ್ಲ. ಗದ್ದೆಯಲ್ಲಾಗಲಿ, ಬಿಸಿಲಿಗೆ ಕಾದ ದೇವಸ್ಥಾನದ ಕಲ್ಲಿನ ಮೇಲಾಗಲಿ ಬರಿಗಾಲಲ್ಲಿ ಓಡಾಡಬಾರದು. ಪ್ರಾಂಗಣ ಸುತ್ತುವಾಗ ದಪ್ಪ ಕಾಲುಚೀಲವಾದರೂ ಇರಲಿ. ಕಾಲು ತಣ್ಣಗಿದೆಯೆಂದು ಬಿಸಿನೀರಿನ ಚೀಲ ಇಟ್ಟುಕೊಂಡು ಸುಟ್ಟುಕೊಂಡವರಿದ್ದಾರೆ, ಏಕೆಂದರೆ ಸ್ಪರ್ಶ ಮಂದವಾದ ಚರ್ಮಕ್ಕೆ ಬಿಸಿ ತಿಳಿಯುವುದಿಲ್ಲ. ಆಣಿಯನ್ನು ಬ್ಲೇಡಿನಿಂದ ಕೆತ್ತುವುದೂ ಬೇಡ.

ಮಲಗಿದಾಗ ಪಾದ ನೋಯುತ್ತಾ, ಕಾಲನ್ನು ಮಂಚದಿಂದ ಇಳಿಬಿಟ್ಟರೆ ಮಾತ್ರ ಹಿತವೆನಿಸಿದರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ, ಬೆರಳು ಕಪ್ಪಾಗತೊಡಗಿದರೆ, ನಡಿಗೆಯ ಹಂತ ಮುಗಿದಿದೆ. ರಕ್ತನಾಳ ಶಸ್ತ್ರತಜ್ಞರನ್ನು ಕೂಡಲೇ ಕಾಣಬೇಕು. ಬೆರಳು ಕತ್ತರಿಸುವ ಮೊದಲು ನಾಳ ತೆರೆಯಬಹುದೇ ಎಂದು ಕೇಳುವುದು ರೋಗಿಯ ಹಕ್ಕು. 1964ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ಚಾರ್ಲ್ಸ್ ಡಾಟರ್ ಜಗತ್ತಿನ ಮೊದಲ ಆಂಜಿಯೋಪ್ಲಾಸ್ಟಿ (ಕಿರಿದಾದ ನಾಳವನ್ನು ಒಳಗಿನಿಂದ ಹಿಗ್ಗಿಸುವ ಚಿಕಿತ್ಸೆ) ಮಾಡಿದ್ದು ಹೃದಯಕ್ಕಲ್ಲ, ಕಾಲು ಕತ್ತರಿಸಲು ಒಪ್ಪದ 82 ವರ್ಷದ ಮಹಿಳೆಯೊಬ್ಬರ ತೊಡೆಯ ಅಪಧಮನಿಗೆ. ಅವರ ಕಾಲು ಉಳಿಯಿತು. ಕಾಲು ಹಠಾತ್ತಾಗಿ ಬಿಳಿಚಿ, ತಣ್ಣಗಾಗಿ, ಜೋಮು ಹಿಡಿದು, ಬೆರಳು ಆಡಿಸಲಾಗದಂತಾದರೆ ಹೆಪ್ಪುಗಟ್ಟಿದ ರಕ್ತ ನಾಳವನ್ನು ಪೂರ್ತಿ ಮುಚ್ಚಿರಬಹುದು. ಆಗ ಸ್ನಾಯು ಉಳಿಯಲು ಇರುವ ಅವಧಿ ಸುಮಾರು ಆರು ಗಂಟೆ. ಎಣ್ಣೆ ತಿಕ್ಕುತ್ತಾ, ಶಾಖ ಕೊಡುತ್ತಾ ಬೆಳಗಾಗಲೆಂದು ಕಾಯದೆ, ರಕ್ತನಾಳದ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ನೇರವಾಗಿ ಹೊರಡಬೇಕು.